ನಾನು ಅಳಿಸಿದ ಹೂಂಗಳು

‘ಮಲತಾಯಿ ನಕ್ಕಳು’ ಎಂಬ ಎರಡು ಶಬ್ದಗಳಿಗಾಗಿ ನಾನೂ ಒಬ್ಬ ನಿವೃತ್ತ ಗಣಿತ ಮಾಸ್ತರರೂ ನಾಲ್ಕು ದಿನ ಮಾತು ಬಿಟ್ಟಿದ್ದೆವು. ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರಿಗೂ ಮೊಮ್ಮಕ್ಕಳಿದ್ದರು. ಆದರೂ ಚಹಾದ ಹೊತ್ತಿಗೆ ಅವರು ಗೋಡೆಯ ಕಡೆ ಮುಖ ಮಾಡಿ ಕುಡಿಯುತ್ತಿದ್ದರು, ನಾನು ಕಿಟಕಿಯ ಕಡೆ.

ಕೆಲಸ ಇಂಥದ್ದು. ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ, ಲಾಡ್ಜೊಂದರ ಮಗ್ಗುಲಿಗೆ, ಮಹಡಿಯ ಮೇಲೊಂದು ಬಾಡಿಗೆ ಕೋಣೆ. ಅಲ್ಲಿ ನನ್ನ ಮಗಳ ವಯಸ್ಸಿನ ಸಂಶೋಧಕಿಯೊಬ್ಬಳು ಎರಡು ಕಂಪ್ಯೂಟರ್ ಇಟ್ಟುಕೊಂಡು, ನಮ್ಮ ಭಾಗದಲ್ಲಿ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಭಾವನೆಗಳು ಎಲ್ಲಿ ಹುಟ್ಟಿ, ಹೇಗೆ ಏರಿ, ಎಲ್ಲಿ ಇಳಿಯುತ್ತವೆ ಎಂದು ಹುಡುಕುತ್ತಿದ್ದಳು. ನಾವು ಅವಳನ್ನು ಮೇಡಂ ಎನ್ನುತ್ತಿದ್ದೆವು. ಊರೂರಿನ ಮುದುಕ ಮುದುಕಿಯರು ಹೇಳುವ ಕಥೆಗಳನ್ನು ಫೋನಿನಲ್ಲಿ ತುಂಬಿಕೊಂಡು ಬರಬೇಕು, ಕೇಳಿ ಟೈಪು ಮಾಡಬೇಕು, ಆಮೇಲೆ ಒಂದೊಂದು ವಾಕ್ಯದ ಮುಂದೆಯೂ ಒಂದು ಗುರುತು ಹಾಕಬೇಕು: ಖುಷಿ, ದುಃಖ, ಸಿಟ್ಟು, ಅಂಜಿಕೆ, ಬೆರಗು, ಇಲ್ಲವೇ ‘ಏನೂ ಇಲ್ಲ’. ಗುರುತು ಹಾಕುವವರು ಮೂವರು. ಮೇಡಂ, ಮಾಸ್ತರರು ಮತ್ತು ನಾನು. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ. ಮೂವರದೂ ಮುಗಿದ ಮೇಲೆ, ಇಬ್ಬರಾದರೂ ಒಪ್ಪಿದ ಗುರುತನ್ನು ಹಿಡಿದು ಕಂಪ್ಯೂಟರ್ ಒಂದು ಗೆರೆ ಎಳೆಯುತ್ತಿತ್ತು. ಖುಷಿ ಬಂದಲ್ಲಿ ಗೆರೆ ಮೇಲೇರುತ್ತಿತ್ತು, ದುಃಖ, ಅಂಜಿಕೆ, ಸಿಟ್ಟು ಬಂದಲ್ಲಿ ಕೆಳಗಿಳಿಯುತ್ತಿತ್ತು. ನಮ್ಮ ಗುರುತುಗಳನ್ನು ನೋಡಿ ನೋಡಿ ಮುಂದೊಂದು ದಿನ ಅದು ಹೊಸ ಕಥೆಗಳಿಗೆ ತಾನೇ ಗುರುತು ಹಾಕಲು ಕಲಿಯಬೇಕು.

ಗೆರೆ ಏಳದೆ ಮಲಗಿಬಿಟ್ಟರೆ ಆ ಕಥೆ ಬದಿಗೆ. ನಮ್ಮ ಗುರುತುಗಳು ತೀರ ಕೂಡದಿದ್ದರೂ ಬದಿಗೆ. ಉಳಿದವುಗಳಲ್ಲಿ ಚೆಂದದವನ್ನು ಆರಿಸಿ, ಹೇಳಿದವರ ಹೆಸರು ಹಾಕಿ, ಒಂದು ಪುಸ್ತಕ ಮಾಡಿ, ಆಯಾ ಊರಿನ ಶಾಲೆಗೆ ಕೊಡುವುದೆಂದು ಮೇಡಂ ಮಾತು ಕೊಟ್ಟಿದ್ದಳು. ಆ ಮಾತು ನೆನಪಿರಲಿ. ಮುಂದಿನದ್ದೆಲ್ಲ ಆ ಪುಸ್ತಕದ ಸಲುವಾಗಿ ಆದದ್ದು.

ಮಾಸ್ತರರು ಶರಣಸಿರಸಗಿಯ ಹೊಸ ಲೇಔಟಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಬಂದವರೇ ಹೆಲ್ಮೆಟ್ಟನ್ನು ನನ್ನ ಕುರ್ಚಿಯ ಮೇಲೆ ಇಡುತ್ತಿದ್ದರು. ಮೊದಲ ದಿನ ಮರೆವು ಎಂದುಕೊಂಡೆ. ಮೂರನೆಯ ದಿನ ಅದು ಮರೆವಲ್ಲ ಎಂದು ತಿಳಿಯಿತು. ಫ್ಯಾನಿನ ಕೆಳಗಿನ ಜಾಗ ಅವರಿಗೇ. ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಎಲ್ಲದಕ್ಕೂ ಕಣ್ಣೀರು ಹಾಕುವವಳು ಎಂದು ಅವರು ಮೇಡಂ ಹತ್ತಿರ ಹೇಳಿದ್ದರು. ಮಗ್ಗಿ ಕಲಿಸಿದ ಬಾಯಿಗೆ ಬೆಲ್ಲವೂ ಒಂದೇ, ಸುಣ್ಣವೂ ಒಂದೇ ಎಂದು ನಾನೂ ಅವಳ ಹತ್ತಿರವೇ ಹೇಳಿದ್ದೆ. ಪಾಪ, ಆ ಹುಡುಗಿ ಇಬ್ಬರ ಮಾತನ್ನೂ ಕೇಳಿ ಕಂಪ್ಯೂಟರಿನ ಕಡೆ ತಿರುಗುತ್ತಿದ್ದಳು.

ಮಲತಾಯಿಯ ವಾಕ್ಯ ಬಂದಾಗ ಅವರು ‘ಖುಷಿ’ ಎಂದು ಹಾಕಿದ್ದರು. ನಾನು ‘ಅಂಜಿಕೆ’ ಎಂದು ಹಾಕಿದ್ದೆ. ಮಲತಾಯಿ ಒಲೆಯ ಮುಂದೆ ಕೂತು ನಕ್ಕಳು ಎಂದು ಹೇಳುವಾಗ ಕೇಳುವ ಮಗು ಕಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ಖುಷಿ ಎನ್ನುವುದು ಹೇಗೆ? ಮೇಡಂ ಇಬ್ಬರನ್ನೂ ಎದುರುಬದುರು ಕೂರಿಸಿದಳು.

“ನಕ್ಕಾಕಿ ಯಾರ್ರೀ? ಮಲತಾಯಿ,” ಎಂದರು ಮಾಸ್ತರರು. “ಅಕಿಗಿ ಖುಷಿ ಆಗ್ಯಾದ, ನಕ್ಕಾಳ. ಮುಗೀತು.”

“ಕೇಳೋ ಕೂಸು ಮಲತಾಯಿ ಅಲ್ಲ ರೀ ಸರ.”

“ಕೂಸು ಎಲ್ಲದ ಈ ಕಾಗದದಾಗ? ತೋರಸ್ರಿ ನೋಡೋಣ.”

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಕಾಗದದ ಮೇಲೆ ಕೂಸು ಇರಲಿಲ್ಲ, ಹೇಳುವವಳ ಮಾತಷ್ಟೇ ಇತ್ತು. ಸೋತ ಸಿಟ್ಟಿನಲ್ಲಿ ಹೆಲ್ಮೆಟ್ಟನ್ನು ಎತ್ತಿ ನೆಲದ ಮೇಲಿಟ್ಟು ಕೂತೆ. ಅಂದಿನಿಂದ ನಾಲ್ಕು ದಿನ ಮಾತಿಲ್ಲ.

ಇಂಥ ಕೋಣೆಗೆ ನಾನು ನಮ್ಮ ಸಣ್ಣವ್ವನ ಕಥೆಯನ್ನು ತಂದೆ.

ಸಣ್ಣವ್ವ ಎಂದರೆ ನಮ್ಮವ್ವನ ತಂಗಿ, ಕಮಲಾಪುರಕ್ಕೆ ಕೊಟ್ಟವಳು. ಮದುವೆಗೆ ಮೊದಲು ಅವಳು ನಮ್ಮ ಮನೆಯಲ್ಲೇ ಇದ್ದಳು. ನನಗೆ ಮಾತು ಕಲಿಸಿದವಳು ಅವಳೇ. ನಮ್ಮವ್ವ ಮನೆಗೆಲಸದಲ್ಲಿ ಸೋತು ಸುಣ್ಣವಾಗಿ ಸಂಜೆಗೆ ಗೋಡೆಗೆ ಒರಗುತ್ತಿದ್ದಳು, ಒಂದು ಕಥೆಯನ್ನೂ ಹೇಳಿದವಳಲ್ಲ. ಸಣ್ಣವ್ವ ಮೊರದಲ್ಲಿ ಕಾಳು ಕೇರುತ್ತ ಹೇಳುತ್ತಿದ್ದಳು. ನಮ್ಮ ಮನೆತನದಲ್ಲಿ ಒಂದು ರೂಢಿ ಇತ್ತು. ಕಥೆ ಶುರುಮಾಡುವ ಮೊದಲು ಅದು ಯಾರದೆಂದು ಹೇಳಬೇಕು. ‘ಇದು ನಮ್ಮತ್ತಿ ಹೇಳಿದ್ದು’, ‘ಇದು ಅಗಸರ ಮುದುಕಿದು’, ಹೀಗೆ. ಯಾರ ಮನೆಯ ಬುತ್ತಿ ಎಂದು ಹೇಳದೆ ಬಡಿಸಬಾರದು ಅಂದಂತೆ. ಕೆಲವು ಕಥೆಗಳಿಗೆ ಸಣ್ಣವ್ವ ‘ಇದು ನಂದು’ ಎನ್ನುತ್ತಿದ್ದಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕೊಡದ ಕಥೆ.

ಒಬ್ಬ ಹುಡುಗಿ ನೀರಿಗೆ ಹೋದಾಗ ಹಿತ್ತಾಳೆಯ ಕೊಡ ಬಾವಿಗೆ ಬೀಳುತ್ತದೆ. ಕೊಡ ಇಲ್ಲದೆ ಮನೆಗೆ ಬರಬೇಡ ಎಂದು ಅವ್ವ ಮೊದಲೇ ಹೇಳಿದ್ದಾಳೆ. ಬಾವಿಯ ಮುದಿ ಕಪ್ಪೆ, ನಿನ್ನ ದನಿ ಕೊಡು, ಕೊಡ ತಂದುಕೊಡುತ್ತೇನೆ ಎನ್ನುತ್ತದೆ. ಹುಡುಗಿ ಕೊಡುತ್ತಾಳೆ. ಕೊಡ ಹೊತ್ತು ಮನೆಗೆ ಬಂದರೆ ಬಾಗಿಲು ಹಾಕಿದೆ. ಒಳಗಿನಿಂದ ಅವ್ವ, ಯಾರವರು, ಅವ್ವಾ ಅಂತ ಕರೀ, ತೆಗೀತೀನಿ ಎನ್ನುತ್ತಾಳೆ. ಹುಡುಗಿಗೆ ದನಿ ಇಲ್ಲ. ಬಡಿಯುತ್ತಾಳೆ. ಬಾಗಿಲು ತೆಗೆಯುವುದಿಲ್ಲ. ಮತ್ತೆ ಬಡಿಯುತ್ತಾಳೆ. ತೆಗೆಯುವುದಿಲ್ಲ. ಮೂರನೆಯ ಸಲ ಹುಡುಗಿಗೆ ದನಿ ಮರಳಿ ಬಂದು ‘ಅವ್ವಾ’ ಎನ್ನುತ್ತಾಳೆ, ಬಾಗಿಲು ತೆರೆಯುತ್ತದೆ. ಈ ಕೊನೆಯನ್ನು ನಾನು ಶಾಲೆಯ ಮಕ್ಕಳಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ನಮ್ಮವ್ವ ತೀರಿಕೊಂಡ ವರ್ಷ ರೇಡಿಯೊದ ಮಕ್ಕಳ ಕಾರ್ಯಕ್ರಮದಲ್ಲಿ ಕಥೆ ಹೇಳಲು ನನ್ನನ್ನು ಕರೆದರು. ನಾನು ಕೊಡದ ಕಥೆಯನ್ನೇ ಹೇಳಿದೆ. ಶುರುವಿಗೆ ರೂಢಿಯಂತೆ ಯಾರ ಕಥೆ ಎಂದು ಹೇಳಬೇಕಲ್ಲ, ಬಾಯಿಂದ ‘ಇದು ನಮ್ಮವ್ವ ಹೇಳಿದ ಕಥೆ’ ಎಂದು ಬಂತು. ಅವ್ವನ ಹೆಸರಿನಲ್ಲಿ ಏನಾದರೂ ಒಂದು ಉಳಿಯಲಿ ಎಂಬ ಆಸೆ ಇತ್ತು. ಅದು ಆಸೆಯೇ ಇರಬಹುದು, ಆದರೆ ಸುಳ್ಳು. ಅತ್ತ ಕಮಲಾಪುರದಲ್ಲಿ ಸಣ್ಣವ್ವ, ನಮ್ಮಕ್ಕನ ಮಗಳು ರೇಡಿಯೊದಾಗ ಮಾತಾಡ್ತಾಳ ಎಂದು ಓಣಿಯ ಹೆಂಗಸರನ್ನೆಲ್ಲ ಕಟ್ಟೆಗೆ ಕರೆದು ಕೂರಿಸಿದ್ದಳಂತೆ. ಕೇಳಿದ ಮೇಲೆ ಯಾರೋ ಒಬ್ಬಳು, ಇಷ್ಟು ದಿನ ನಿಂದು ನಿಂದು ಅಂತಿದ್ದಿ, ಇದು ನಿಮ್ಮಕ್ಕಂದು ನೋಡು ಎಂದಳಂತೆ. ಓಣಿಯ ಮುಂದೆ ಸಣ್ಣವ್ವ ಕಳ್ಳಿಯಾದಳು.

ಆಮೇಲೆ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ನೆಂಟರ ಮದುವೆಗಳಲ್ಲಿ ಬಡಿಸುತ್ತ ಬಂದರೆ ನನ್ನ ಎಲೆಯ ಮುಂದೆ ಅವಳ ಸೌಟು ಖಾಲಿಯಾಗಿರುತ್ತಿತ್ತು. ನನ್ನ ಮಗಳ ಮದುವೆಗೆ ಬರಲಿಲ್ಲ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ವರ್ಷಗಳು ಕಳೆದಂತೆ ನಾಚಿಕೆ ಹೋಗಿ ಸಿಟ್ಟು ಉಳಿಯಿತು. ಒಂದು ಕಥೆಗೆ ಇಷ್ಟು ಸೊಕ್ಕೇ ಎಂದು ನಾನೂ ಬಿಗಿದುಕೊಂಡೆ.

ಮೇಡಂ ಕಮಲಾಪುರದ ಕಡೆಯ ಕಥೆಗಳು ಬೇಕೆಂದಾಗ ನಾನು ಹೊರಟೆ. ಕ್ಷಮೆ ಕೇಳಲು ಹೊರಟವಳಲ್ಲ. ಕೈಯಲ್ಲಿ ಸಂಶೋಧನೆಯ ಕಾಗದ ಇತ್ತಲ್ಲ, ಅದನ್ನು ಮುಂದೆ ಹಿಡಿದು ಹೊರಟೆ. ಬಸ್ಸು ಮಹಾಗಾಂವ ಕ್ರಾಸ್ ದಾಟಿದ ಮೇಲೆ ಕರಿನೆಲ ಹೋಗಿ ಕೆಂಪು ನೆಲ ಶುರುವಾಯಿತು. ನನ್ನ ಎದೆ ಮಾತ್ರ ಕರಗಲಿಲ್ಲ.

ಸಣ್ಣವ್ವ ಕಟ್ಟೆಯ ಮೇಲೆ ಕೂತಿದ್ದಳು. ಬಾ ಎನ್ನಲಿಲ್ಲ. ನಾನು ಕಾಗದ ಓದಿ ಹೇಳಿದೆ, ಪುಸ್ತಕ ಬರುತ್ತದೆ, ಇಲ್ಲಿಯ ಶಾಲೆಗೂ ಬರುತ್ತದೆ ಎಂದೆ. ಅವಳು ಒಂದೇ ಕೇಳಿದಳು.

“ಪುಸ್ತಕದಾಗ ನಂದು ಅಂತ ಬರ್ತದೇನು?”

ಬರ್ತದ ಎಂದೆ. ಹಾಗಾದರೆ ಹೇಳುತ್ತೇನೆ ಎಂದು ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಬೇಕಾದದ್ದು ಅಷ್ಟೇ. ಸಾಯುವುದರೊಳಗೆ ಆ ಓಣಿಯಲ್ಲಿ ಆ ಕಥೆ ತನ್ನದೆಂದು ಓದಿಸಬೇಕು. ಅದು ನನಗೂ ಗೊತ್ತಾಯಿತು, ಗೊತ್ತಾದದ್ದನ್ನು ಮುಖದ ಮೇಲೆ ತೋರಿಸಲಿಲ್ಲ.

ನಮ್ಮ ಕಡೆ ಕೇಳುವವರು ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಒಂದು ಮಾತಿಗೆ ಒಂದು ಹೂಂ. ಫೋನು ಹಿಡಿದು ನಾನು ಹೂಂ ಅಂದೆ. ಅವಳು ಹೇಳಿದಳು, ನಾನು ಹೂಂ ಅಂದೆ. ಹುಡುಗಿ ಮೂರನೆಯ ಸಲ ಬಾಗಿಲು ಬಡಿದಳು. ಹೂಂ ಅಂದೆ. ಸಣ್ಣವ್ವ ಸುಮ್ಮನಾದಳು. ಆಮೇಲೆ, ಬಾಗಲಾ ತೆಗೀಲಿಲ್ಲ, ಕಥಿ ಮುಗೀತು ಎಂದು ಎದ್ದುಹೋದಳು. ವಯಸ್ಸಾಗಿದೆ, ಕೊನೆ ಮರೆತಿದ್ದಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೆ ಒಂಚೂರು ಗೆದ್ದ ಹಾಗೂ ಆಯಿತು. ತನ್ನದು ತನ್ನದು ಅಂದವಳಿಗೆ ಕೊನೆಯೇ ನೆನಪಿಲ್ಲ.

ಕಲಬುರಗಿಗೆ ಬಂದು ನಾನೇ ಟೈಪು ಮಾಡಿದೆ. ಹೇಳುವವರ ಮಾತು ಮಾತ್ರ ಬೇಕೆಂದು ನಿಯಮ ಇದ್ದುದರಿಂದ ನನ್ನ ಹೂಂಗಳನ್ನೆಲ್ಲ ಒಂದೊಂದಾಗಿ ಬಿಟ್ಟೆ. ಕೆಳಗೆ ಷರಾ ಬರೆಯುವ ಜಾಗದಲ್ಲಿ ‘ಹೇಳಿದವರಿಗೆ ಕಥೆಯ ಕೊನೆ ಮರೆತಿದೆ’ ಎಂದು ಬರೆದೆ.

ವಾರದ ಮೇಲೆ ಮೇಡಂ ಗೆರೆ ತೋರಿಸಿದಳು. ಬೇರೆ ಕಥೆಗಳ ಗೆರೆಗಳು ಏರಿ ಇಳಿದು ಬಳ್ಳಿಯಂತೆ ಇದ್ದರೆ ಸಣ್ಣವ್ವನದು ಎರಡು ಸಣ್ಣ ಮಡಿಕೆ ಬಿಟ್ಟರೆ ಇಸ್ತ್ರಿ ಮಾಡಿದ ಬಟ್ಟೆಯಂತೆ ಮಲಗಿತ್ತು. ಮಾಸ್ತರರು ಮೊದಲಿನಿಂದ ಕೊನೆಯವರೆಗೆ ‘ಏನೂ ಇಲ್ಲ’ ಎಂದು ಹಾಕಿದ್ದರು. ಮೇಡಂ ಎರಡು ಕಡೆ ದುಃಖ ಎಂದಿದ್ದಳು. ಕಂಪ್ಯೂಟರಿಗೆ ತಾನೇ ಗುರುತು ಹಾಕು ಎಂದು ಬಿಟ್ಟಾಗ ಅದೂ ಮಾಸ್ತರರ ಕಡೆಗೇ ಸೇರಿತ್ತು. ನಾನೊಬ್ಬಳೇ ಸಾಲುಸಾಲಿಗೆ ಅಂಜಿಕೆ, ದುಃಖ ಎಂದು ತುಂಬಿದ್ದೆ.

“ಇದು ಕಥಿ ಅಲ್ಲ ರೀ, ಪಂಚನಾಮಿ,” ಎಂದರು ಮಾಸ್ತರರು. “ಕೊಡ ಬಿತ್ತು. ದನಿ ಹೋತು. ಬಾಗ್ಲಾ ತೆಗೀಲಿಲ್ಲ. ಕೆಳಗ ಪೊಲೀಸರ ಸಹಿ ಒಂದು ಬೇಕು.”

ನನ್ನ ಮೈ ಉರಿಯಿತು. ಅದು ನಮ್ಮ ಸಣ್ಣವ್ವನ ಕಥೆ, ನಿಮ್ಮಂಥವರಿಗೆ ತಿಳಿಯುವುದಲ್ಲ ಎಂದೆ. ಹಾಗಾದರೆ ‘ಸಣ್ಣವ್ವ’ ಎಂದು ಏಳನೆಯ ಗುರುತು ಒಂದು ಮಾಡಿಸಿಕೊಳ್ಳಿ ಎಂದರು. ಮೇಡಂ ನಡುವೆ ಬಂದು ಮೆಲ್ಲಗೆ, ಈ ಕಥೆಯನ್ನು ಬದಿಗೆ ಇಡಬೇಕಾಗುತ್ತದೆ ಎಂದಳು.

ಬದಿಗೆ ಇಟ್ಟರೆ ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೆ ಕಮಲಾಪುರದ ಆ ಕಟ್ಟೆಯ ಮೇಲೆ ನಾನು ಎರಡನೆಯ ಸಲ ಸುಳ್ಳಿ. ಅಷ್ಟು ಹೊತ್ತಿಗೆ ನನಗೆ ಕಂಪ್ಯೂಟರಿನ ಮೇಲೆ, ಮಾಸ್ತರರ ಮೇಲೆ, ಆ ಫ್ಯಾನಿನ ಮೇಲೂ ಸಿಟ್ಟು ಬಂದಿತ್ತು. ಯಂತ್ರಕ್ಕೆ ಕಿವಿ ಇಲ್ಲ, ಕಾಗದ ಓದಿದರೆ ಏನು ತಿಳಿಯುತ್ತದೆ, ದನಿ ಕೇಳಿಸಿ, ಆಮೇಲೆ ಮಾತಾಡಿ ಎಂದು ಗದರಿದೆ. ಮೇಡಂ ದನಿ ಹಚ್ಚಿದಳು. ಪರದೆಯ ಮೇಲೆ ದನಿಯ ಅಲೆಗಳು ಮೂಡುತ್ತ ಹೋದವು. ಮೂವರೂ ಕೂತು ಕೇಳಿದೆವು.

ನಾನು ಕೇಳಿದ್ದು ನನ್ನನ್ನೇ. ಸಣ್ಣವ್ವನ ಒಂದೊಂದು ಮಾತಿನ ಹಿಂದೆಯೂ ಒಂದು ಹೂಂ. ಕಚೇರಿಯಲ್ಲಿ ಗುಮಾಸ್ತರು ಅರ್ಜಿ ಇಸಿದುಕೊಳ್ಳುವಾಗ ತಲೆ ಎತ್ತದೆ ಅನ್ನುತ್ತಾರಲ್ಲ, ಅಂಥ ಹೂಂ. ಮೊದಲು ಸಣ್ಣವ್ವನ ದನಿಯಲ್ಲಿ ಒಂದಿಷ್ಟು ಏರಿಳಿತ ಇತ್ತು. ಎರಡು ಹೂಂ ಆದ ಮೇಲೆ ಅವಳ ದನಿಯೂ ಒಣಗುತ್ತ ಬಂತು.

ಮಾಸ್ತರರು ಕೈ ಎತ್ತಿ ನಿಲ್ಲಿಸಲು ಹೇಳಿದರು.

“ಈ ಹೂಂ ಅನ್ನಾಕಿ ಯಾರು?”

“ನಾನೇ.”

“ಕಾಗದದಾಗ ಇಲ್ಲಲ್ಲ.”

“ಅದು ಕಥಿ ಅಲ್ಲಂತ ತೆಗದೀನಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅವತ್ತು ಕೂಸು ಎಲ್ಲದ ಅಂತ ಕೇಳಿದ್ನಲ್ಲ ಅಕ್ಕೋರ, ಆ ಕೇಳೋ ಕೂಸಿನ್ನ ನೀವೇ ತೆಗದು ಒಗದೀರಿ. ಸಣ್ಣವ್ವನ ಮಾತಿಗಿ ನನ್ನ ಗುರುತು ‘ಏನೂ ಇಲ್ಲ’. ಈ ಹೂಂಗ ಮಾತ್ರ ನಾ ಸಿಟ್ಟು ಅಂತ ಹಾಕ್ತೀನಿ.”

ಮುಂದಕ್ಕೆ ಹಚ್ಚು ಎಂದೆ ಮೇಡಂಗೆ. ದನಿ ಮುಂದುವರಿಯಿತು. ಮೂರನೆಯ ಬಡಿತ, ನನ್ನ ಹೂಂ, ಆಮೇಲೆ ಪರದೆಯ ಮೇಲೆ ಅಲೆ ಇಲ್ಲದ ಉದ್ದನೆಯ ಸಪಾಟು. ಮಾಸ್ತರರು ಪೆನ್ನಿನ ತುದಿಯಿಂದ ಅದನ್ನು ಅಳೆದರು. ಬೇರೆಲ್ಲ ಕಡೆ ಅವಳು ಉಸಿರಾಡುವಷ್ಟು ಹೊತ್ತು ನಿಲ್ಲುತ್ತಾಳೆ, ಇಲ್ಲಿ ಮಾತ್ರ ಅದರ ಹತ್ತುಪಟ್ಟು ನಿಂತಿದ್ದಾಳೆ ಎಂದರು. ಷರಾ ಬರೆದ ಜಾಗಕ್ಕೆ ಬೆರಳಿಟ್ಟರು.

“ಮರ್ತಿಲ್ಲ ರೀ ಅಕಿ. ಕಾಯಾಕತ್ತಾಳ. ಇಲ್ಲಿ ನೀವು ಏನೋ ಅನಬೇಕಾಗಿತ್ತು, ಅಂದಿಲ್ಲ.”

ಆಗ ನೆನಪಾಯಿತು. ನಾವು ಐದು ಜನ ಮಕ್ಕಳು ತೊಗರಿಯ ಚೀಲಗಳ ಮೇಲೆ ಕೂತು ಕೇಳುತ್ತಿದ್ದೆವು. ಮೂರನೆಯ ಬಡಿತಕ್ಕೆ ಸಣ್ಣವ್ವ ಮೊರ ಕೆಳಗಿಟ್ಟು ಸುಮ್ಮನಾಗುತ್ತಿದ್ದಳು. ಹುಡುಗಿಗೆ ದನಿ ಇಲ್ಲ, ಒಳಗೆ ಅವ್ವ ಕಾಯುತ್ತಿದ್ದಾಳೆ, ಯಾರಾದರೂ ಕರೆಯಲೇಬೇಕು. ತಡೆಯಲಾರದೆ ನಾವು ‘ಅವ್ವಾ’ ಎಂದು ಕಿರುಚುತ್ತಿದ್ದೆವು. ನೀವು ಕರೀರಿ ಎಂದು ಅವಳು ಎಂದೂ ಹೇಳಿದವಳಲ್ಲ. ನಾವು ಕರೆದ ಮೇಲೆಯೇ ಅವಳು ಬಾಗಿಲು ತೆಗೆಯುತ್ತಿದ್ದಳು. ಹುಡುಗಿಗೆ ದನಿ ಮರಳಿ ಬಂತು ಎಂಬುದು ನಾನು ರೇಡಿಯೊದ ಸಲುವಾಗಿ ಕಟ್ಟಿದ್ದು. ಎದುರಿಗೆ ಮಕ್ಕಳಿಲ್ಲದ ಕೋಣೆಯಲ್ಲಿ ಕರೆಯುವವರು ಯಾರೂ ಇರಲಿಲ್ಲವಲ್ಲ. ಆಮೇಲೆ ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿತ್ತು. ಕದ್ದದ್ದಲ್ಲದೆ ಕೆಡಿಸಿಯೂ ಇದ್ದೆ.

ಮಾಸ್ತರರ ಎದುರಿಗೆ ಇದನ್ನು ಹೇಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ಲೇಸೆನಿಸಿತು. ಮೇಡಂಗೆ ಒಂದೇ ಮಾತು ಹೇಳಿದೆ. ಬದಿಗೆ ಇಡಬೇಡ, ಇನ್ನೊಮ್ಮೆ ತರುತ್ತೇನೆ.

ಮರುದಿನ ಕಮಲಾಪುರಕ್ಕೆ ಹೋದಾಗ ಮಧ್ಯಾಹ್ನ. ಸಣ್ಣವ್ವ ಅದೇ ಕಟ್ಟೆಯ ಮೇಲೆ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಕಲ್ಲೊಂದನ್ನು ಆರಿಸಿ ನನ್ನ ಕಾಲಿನ ಕಡೆಗೆ ಎಸೆದಳು. ಬೇಳೆಯ ಕಲ್ಲು, ದೊಡ್ಡದೇನಲ್ಲ.

“ಪುಸ್ತಕ ಎಲ್ಲದ?”

“ಆಗಿಲ್ಲ ಸಣ್ಣವ್ವ. ನನ್ನ ಹೂಂ ಸರಿ ಇದ್ದಿಲ್ಲ, ಅದಕ್ಕ ಕಥಿ ಕೆಟ್ಟದ. ಮತ್ತ ರೇಡಿಯೊದಾಗ ನಾ ಸುಳ್ಳ ಹೇಳಿದ್ದೆ. ಅದು ನಿನ್ನ ಕಥಿ.”

“ಅದು ನನಗ ಗೊತ್ತದ. ನನಗ್ಯಾಕ ಹೇಳ್ತಿ? ಓಣಿಗಿ ಹೇಳು.”

ಓಣಿ ಎಂದರೆ ಯಾರು? ಅಂದು ಕಟ್ಟೆಯ ಮೇಲೆ ಕೂತು ರೇಡಿಯೊ ಕೇಳಿದವರಲ್ಲಿ ಅರ್ಧ ಜನ ಮಣ್ಣಾಗಿದ್ದರು, ಉಳಿದವರು ಮಕ್ಕಳ ಹಿಂದೆ ಊರು ಬಿಟ್ಟಿದ್ದರು. ಇದ್ದವಳು ಪಕ್ಕದ ಮನೆಯ ಮುಸ್ಲಿಂ ಮುದುಕಿ ಒಬ್ಬಳೇ, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಸಣ್ಣವ್ವ ಅವಳನ್ನು ಕರೆದು ಕೂರಿಸಿದಳು. ಖಾಲಾಗೆ ಕಿವಿ ದೂರ. ನಾನು ಅವಳ ಕಿವಿಯ ಹತ್ತಿರ ಬಾಗಿ, ರೇಡಿಯೊದಲ್ಲಿ ಹೇಳಿದ್ದು ಸುಳ್ಳು, ಕೊಡದ ಕಥೆ ನಮ್ಮವ್ವನದಲ್ಲ ಎಂದು ಮೂರು ಸಲ ಕೂಗಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಖಾಲಾ ನನ್ನ ಮುಖವನ್ನೂ ಸಣ್ಣವ್ವನ ಮುಖವನ್ನೂ ನೋಡಿದಳು.

“ಯಾವ ರೇಡಿಯೊ ಬೇಟಿ? ನನಗ ಏನೂ ಯಾದಿಲ್ಲ.”

ನನಗೆ ನಗು ಬರುವಂತಾಯಿತು, ಅಳುವೂ ಬರುವಂತಾಯಿತು. ಎರಡನ್ನೂ ನುಂಗಿಕೊಂಡು, ನೋಡು, ಓಣಿಗೆ ನೆನಪೇ ಇಲ್ಲ, ನೀನೂ ಬಿಟ್ಟುಬಿಡು ಎಂದೆ. ಅದು ಆಡಬಾರದ ಮಾತಾಗಿತ್ತು. ಸಣ್ಣವ್ವ ಮೊರವನ್ನು ಕಟ್ಟೆಗೆ ಕುಕ್ಕಿದಳು.

“ಇಕಿಗಿ ಯಾದಿಲ್ಲ. ನನಗದ. ಒಬ್ಬಾಕಿಗಿ ಇದ್ರ ಸಾಲದೇನು?”

ಸಾಕು ಎಂದೆ. ಫೋನು ತೆಗೆದೆ. ಅವಳು ನನ್ನನ್ನು ಕಟ್ಟೆಯಿಂದ ಇಳಿಸಿ, ಬೇವಿನ ಗಿಡದ ಕಡೆ ಮುಖ ಮಾಡಿ ಕೂರು ಎಂದಳು. ಫೋನು ಮಾತ್ರ ಕಟ್ಟೆಯ ಮೇಲೆ. ನಿನ್ನ ಹೂಂ ನನಗ ಬ್ಯಾಡ, ಬಾಯಿ ಮುಚ್ಚಿಕೊಂಡು ಕೂಡು ಎಂದು ತಾಕೀತು ಮಾಡಿ, ಖಾಲಾನ ಮೊಮ್ಮಗಳನ್ನು ಕರೆದಳು. ಎರಡನೆಯ ಇಯತ್ತೆಯ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಕೈಯಲ್ಲಿ ಅರ್ಧ ತಿಂದ ಕೆಂಪು ಬಾಳೆಹಣ್ಣು. ಸಣ್ಣವ್ವನ ಮಗ್ಗುಲಿಗೆ ಆತು ಕೂತಳು. ದಿನಾ ಕೂತು ರೂಢಿಯಾದವಳಂತೆ ಕೂತಳು.

ರೂಢಿಯಂತೆ ಮೊದಲು ಯಾರ ಕಥೆ ಎಂದು ಹೇಳಬೇಕಲ್ಲ. ಸಣ್ಣವ್ವ ಫೋನಿನ ಕಡೆಗೆ ಬಾಗಿ ಹೇಳಿದಳು.

“ಇದು ನನ್ನ ಕಥಿ. ನಮ್ಮಕ್ಕಂದಲ್ಲ. ನಮ್ಮಕ್ಕನ ಮಗಳು ಇದನ್ನ ಕದ್ದು, ಎಲ್ಲಾರ ಮುಂದ ಸುಳ್ಳ ಹೇಳಿ, ಕೆಡಿಸ್ಯಾಳ.”

ಹೂಂ ಎಂದಳು ಹುಡುಗಿ.

ಕೊಡ ಬಾವಿಗೆ ಬಿತ್ತು. ಹೂಂ. ಕಪ್ಪೆ ಮೇಲೆ ಬಂತು. ಹುಡುಗಿಯ ಹೂಂ ಸಣ್ಣದಾಯಿತು. ದನಿ ಕೊಟ್ಟಾಗ ಹೂಂ ಬರಲೇ ಇಲ್ಲ. ಸಣ್ಣವ್ವ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು, ಆಗ ಮೂಗಿನಿಂದ ಒಂದು ಹೂಂ ಬಂತು. ನಾನು ಬೇವಿನ ಗಿಡ ನೋಡುತ್ತ ಕೂತಿದ್ದೆ. ಮಾತುಗಳು ಅವೇ, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಬಾಗಲಾ ಬಡದ್ಲು. ಬಾಗಲಾ ತೆಗೀಲಿಲ್ಲ. ಮತ್ತ ಬಡದ್ಲು. ಬಾಗಲಾ ತೆಗೀಲಿಲ್ಲ. ಮೂರನೆಯ ಸಲ ಬಡಿದು ಸಣ್ಣವ್ವ ಸುಮ್ಮನಾದಳು. ‘ಅವ್ವಾ’ ಎಂದುಬಿಡುತ್ತಿದ್ದೆ, ಬಾಯಿಯ ಮೇಲೆ ಕೈ ಇಟ್ಟುಕೊಂಡೆ.

“ಅಮ್ಮೀ!” ಎಂದು ಹುಡುಗಿ ತನ್ನ ಮನೆಯ ಮಾತಿನಲ್ಲಿ ಕಿರುಚಿದಳು. ಕಿವಿ ದೂರದ ಖಾಲಾ ಕೂಡ ಬೆಚ್ಚಿ ತಿರುಗಿದಳು.

ಸಣ್ಣವ್ವ ಬಾಗಿಲು ತೆಗೆದಳು. ಒಳಗಿನ ಅವ್ವ, ಕೊಡ, ಒಲೆ, ಬಿಸಿ ರೊಟ್ಟಿ, ಎಲ್ಲವನ್ನೂ ಹೇಳಿ ಮುಗಿಸಿದಳು. ಆಮೇಲೆ ನನ್ನ ಬೆನ್ನಿಗೆ, ಮಷೀನ್ ಬಂದ್ ಮಾಡು ಎಂದಳು. ನೀರು ಬೇಕೇ ಎಂದೂ ಕೇಳಲಿಲ್ಲ. ನಾನು ಬಸ್ ನಿಲ್ದಾಣಕ್ಕೆ ನಡೆದೆ.

ಈ ಸಲ ಹೂಂಗಳನ್ನೆಲ್ಲ ಟೈಪು ಮಾಡಿದೆ. ಬರದೆ ಹೋದ ಹೂಂ ಇದ್ದಲ್ಲಿ ಜಾಗ ಬಿಟ್ಟೆ. ‘ಅಮ್ಮೀ’ಯನ್ನೂ ಹಾಕಿದೆ. ಆದರೆ ನನ್ನ ಕಳವಿನ ಬಗ್ಗೆ ಅವಳು ಆಡಿದ ಮೊದಲ ಮಾತುಗಳ ಹತ್ತಿರ ನನ್ನ ಬೆರಳುಗಳು ನಿಂತವು. ಅವು ಕಥೆಗೆ ಸೇರಿದವೇ? ಬೇರೆ ಕಥೆಗಳಲ್ಲಿ ‘ಕೂಡ್ರಿ, ಹೇಳ್ತೀನಿ’, ‘ಚಹಾ ಕುಡೀರಿ’ ಎಂಬುದನ್ನೆಲ್ಲ ನಾವು ಬಿಡುತ್ತಿದ್ದೆವು. ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಒಂದು ಗುಂಡಿ ಒತ್ತಿದರೆ ಅವು ಅಳಿಯುತ್ತಿದ್ದವು, ಕಥೆ ಪುಸ್ತಕಕ್ಕೆ ಹೋಗುತ್ತಿತ್ತು, ಹೆಸರೂ ಅವಳದೇ ಬರುತ್ತಿತ್ತು. ಅರ್ಧ ತಾಸು ಹಾಗೇ ಕೂತೆ. ಕೆಳಗೆ ಆಟೊದವರ ಜಗಳ, ಆಚೆ ಸ್ಟೇಶನ್ನಿನಿಂದ ರೈಲಿನ ಘೋಷಣೆ. ಮಾಸ್ತರರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಪರದೆಯನ್ನು ಓದಿದರು.

“ಇದು ಕಥಿ ಒಳಗಿಂದೋ, ಹೊರಗಿಂದೋ?”

“ಒಳಗಿಂದು,” ಎಂದೆ.

ಮೂವರೂ ಬೇರೆ ಬೇರೆ ಕೂತು ಗುರುತು ಹಾಕಿದೆವು. ಹೋಲಿಸಿ ನೋಡಿದಾಗ ಮೊದಲ ಮೂರು ವಾಕ್ಯಗಳಿಗೂ ಮೂವರೂ ‘ಸಿಟ್ಟು’ ಎಂದೇ ಹಾಕಿದ್ದೆವು. ಆ ಕೋಣೆಯಲ್ಲಿ ಕೂತ ಅಷ್ಟು ತಿಂಗಳಲ್ಲಿ ಒಂದು ವಾಕ್ಯದ ಮೇಲೂ ನಾನೂ ಮಾಸ್ತರರೂ ಹೀಗೆ ವಾದವಿಲ್ಲದೆ ಒಪ್ಪಿದ್ದಿಲ್ಲ.

“ನೋಡ್ರಿ ಅಕ್ಕೋರ, ಕೂಡಿದ್ದು ಕೂಡಿ ಎದರಾಗ ಕೂಡಿದ್ವಿ?” ಎಂದರು ಅವರು. “ನಿಮ್ಮ ಮ್ಯಾಲಿನ ಸಿಟ್ಟಿನ್ಯಾಗ.”

ಹೆಲ್ಮೆಟ್ಟು ಎತ್ತಿಕೊಂಡು ಹೊರಟುಹೋದರು. ಮರುದಿನ ಅದು ಮತ್ತೆ ನನ್ನ ಕುರ್ಚಿಯ ಮೇಲೇ ಇತ್ತು.

ಗೆರೆ ಈ ಸಲ ಎದ್ದಿತು. ಬೇರೆ ಮಕ್ಕಳ ಕಥೆಗಳೆಲ್ಲ ಒಂದಾನೊಂದು ಊರಿನ ಶಾಂತಿಯಿಂದ, ನಡುಗೆರೆಯ ಮೇಲೆ ಶುರುವಾಗುತ್ತಿದ್ದವು. ಇದೊಂದು ತಳದಿಂದ ಶುರುವಾಗಿ, ಕಪ್ಪೆಯ ಹತ್ತಿರ ಇನ್ನೂ ಕುಸಿದು, ‘ಅಮ್ಮೀ’ ಎಂಬಲ್ಲಿ ಒಮ್ಮೆಲೇ ಮೇಲೇರಿತ್ತು. ಮೇಡಂ ಗೆರೆಯ ತಳದ ತುದಿಗೆ ಬೆರಳಿಟ್ಟಳು. ಮಕ್ಕಳ ಪುಸ್ತಕದಲ್ಲಿ ಮೊದಲ ಮಾತುಗಳನ್ನು ಬಿಡೋಣವೇ ಎಂದು ನನ್ನನ್ನೇ ಕೇಳಿದಳು. ಹೇಳಿದವಳನ್ನು ಕೇಳದೆ ಬಿಡಬೇಡ, ಕೇಳಿದರೆ ಅವಳು ಬಿಡುವುದಿಲ್ಲ ಎಂದೆ. ಮುದ್ರಣವಾದಾಗ ಅವು ಹಾಗೇ ಬಂದವು, ಹೂಂಗಳು ಪಕ್ಕಕ್ಕೆ ಸಣ್ಣ ಅಕ್ಷರದಲ್ಲಿ.

ಪುಸ್ತಕ ತೆಗೆದುಕೊಂಡು ಹೋದದ್ದು ನಾನೇ. ಅಂಚೆಯಲ್ಲಿ ಕಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಸಣ್ಣವ್ವ ಪುಸ್ತಕವನ್ನು ಇಸಿದುಕೊಂಡು ತಿರುವಿ ನೋಡಿದಳು. ಅವಳಿಗೆ ಓದು ಬಾರದು. ಹಲ್ಲು ಬಿದ್ದ ಹುಡುಗಿಯನ್ನು ಕರೆದಳು. ಅವಳಿಗೆ ಈಗ ಒಂದು ಹೊಸ ಹಲ್ಲು ಬಂದಿತ್ತು. ಸಂಜೆ ನಲ್ಲಿಗೆ ಬಂದ ನಾಲ್ಕಾರು ಹೆಂಗಸರು ಕೊಡ ಇಳಿಸಿ ನಿಂತರು. ನಾನು ಕಟ್ಟೆಯ ಕೆಳಗೆ ನಿಂತಿದ್ದೆ. ಕೂಡು ಎಂದು ಯಾರೂ ಅನ್ನಲಿಲ್ಲ.

ಹುಡುಗಿ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಇದು ನನ್ನ ಕಥಿ. ನಮ್ಮಕ್ಕಂದಲ್ಲ. ನಮ್ಮಕ್ಕನ ಮಗಳು ಇದನ್ನ ಕದ್ದು, ಎಲ್ಲಾರ ಮುಂದ ಸುಳ್ಳ ಹೇಳಿ, ಕೆಡಿಸ್ಯಾಳ.

ಓದಿ ತಲೆ ಎತ್ತಿದಳು. ಹೂಂ ಬಂದಿಲ್ಲವಲ್ಲ, ಮುಂದಕ್ಕೆ ಹೋಗುವುದು ಹೇಗೆ? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಣ್ಣವ್ವ ತುಟಿ ಬಿಗಿದು ನನ್ನನ್ನೇ ನೋಡುತ್ತಿದ್ದಳು, ಸುಮ್ಮನೆ. ಆ ಸುಮ್ಮನಿರುವಿಕೆ ಎಷ್ಟು ಉದ್ದ ಹೋಗಬಲ್ಲದು ಎಂದು ನಾನು ಪರದೆಯ ಮೇಲೆ ನೋಡಿದ್ದೆ.

ಹೂಂ ಎಂದೆ.

ಹುಡುಗಿ ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದಳು.